ಕಮಲಾದೇವಿ ಚಟ್ಟೋಪಾಧ್ಯಾಯರ ಚರಿತ್ರೆ

ವಾಚಕರೇ, ಚುನಾವಣೆಯ ದಿವಸ ಶಿವಾಜಿನಗರದಲ್ಲಾಗಲಿ ಹಲಸೂರಿನಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ ಹೆಂಗಸರು ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, ವೋಟು ಕೊಟ್ಟು ಮನೆಗೆ ಹೋಗುತ್ತಾರೆ. ಇದು ಆದಿಯಿಂದಲೂ ಹೀಗೆಯೇ ಇತ್ತೆಂದು ನಮ್ಮ ಮಕ್ಕಳು ನೆನಸಬಹುದು. ನೂರು ವರುಷಗಳ ಹಿಂದೆ ಹಾಗಿರಲಿಲ್ಲ. ಆಗ ಹಲಸೂರು ಮೊದಲಾದ ದಂಡಿನ ಭಾಗಗಳು ಬ್ರಿಟಿಷ್ ರೆಸಿಡೆಂಟರ ಅಧಿಕಾರದ ಕೆಳಗಿದ್ದವು. ಕೃಷ್ಣರಾಜಪುರವು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಯಲ್ಲಿ ಸ್ತ್ರೀಯೆಂಬ ಕಾರಣದಿಂದ ಯಾರನ್ನೂ ಹೊರಗಿಡಬಾರದೆಂಬ ಕ್ರಮವು 1923ರಲ್ಲಿ ಬಂದಾಗ್ಯೂ, ಅದು ದಂಡಿನ ಎಲ್ಲೆಯನ್ನು ದಾಟಲಿಲ್ಲ. ಈ ಹಕ್ಕಿಗಾಗಿ ಮುಂದೆ ನಿಂತವರಲ್ಲಿ ಒಬ್ಬರು ನಮ್ಮ ಕನ್ನಡ ಕರಾವಳಿಯವರು. ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಕಮಲಾದೇವಿಯವರು 1903ನೇ ಇಸವಿ ಏಪ್ರಿಲ್ 3ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ತಂದೆಯಾದ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಉದ್ಯೋಗದಲ್ಲಿದ್ದರು. ತಾಯಿಯಾದ ಗಿರಿಜಾಬಾಯಿಯವರು ಓದುಬರಹ ಬಲ್ಲವರು, ಧೈರ್ಯಸ್ಥೆ. ಮಗಳಿಗೆ ಏಳು ವರುಷವಾದಾಗ ತಂದೆಯು ಮರಣಶಾಸನ ಬರೆಯದೆ ಕಾಲವಾದರು. ಆ ಕಾಲದ ಕಾನೂನಿನ ಪ್ರಕಾರ ಸ್ವತ್ತೆಲ್ಲವೂ ಅವರ ಮೊದಲಿನ ಹೆಂಡತಿಯ ಮಗನಿಗೆ ಹೋಯಿತು. ಗಿರಿಜಾಬಾಯಿಯವರಿಗೆ ತಿಂಗಳಿಗಿಷ್ಟೆಂದು ಜೀವನಾಂಶ ಮಾತ್ರ. ಅದನ್ನು ಅವರು ಬೇಡವೆಂದು ಬಿಟ್ಟು, ತವರಿನಿಂದ ಬಂದ ಸ್ವತ್ತಿನಿಂದಲೇ ಮಕ್ಕಳನ್ನು ಸಾಕಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಎಳೆಯ ಪ್ರಾಯದಲ್ಲಿಯೇ ಕಮಲಾದೇವಿಯವರಿಗೆ ಮದುವೆಯಾಯಿತು, ಬೇಗನೆ ವೈಧವ್ಯವೂ ಬಂತು. ತಾಯಿಯು ಮಗಳನ್ನು ಮೂಲೆಯಲ್ಲಿ ಕೂರಿಸದೆ ಓದಿಸಿದರು. ಮದ್ರಾಸಿನಲ್ಲಿ ಓದುತ್ತಿರುವಾಗ ಸರೋಜಿನೀ ನಾಯಿಡುರವರ ತಮ್ಮನಾದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಬಂಧುಗಳು ಎಷ್ಟು ಆಕ್ಷೇಪಿಸಿದರೂ ಅವರನ್ನು ಮದುವೆಯಾದರು.

ಇನ್ನು ವೋಟಿನ ವಿಷಯ. 1917ನೇ ಇಸವಿ ಡಿಸೆಂಬರಿನಲ್ಲಿ ಮಂತ್ರಿಯಾದ ಮಾಂಟೆಗ್ಯು ದೊರೆಯು ಮದ್ರಾಸಿಗೆ ಬಂದಾಗ, ಸ್ತ್ರೀಯರ ನಿಯೋಗವೊಂದು ಅವರನ್ನು ಕಂಡು ತಮಗೂ ವೋಟು ಬೇಕೆಂದು ಬಿನ್ನವಿಸಿತು. ಇದನ್ನು ಏರ್ಪಡಿಸಿದ ಮಾರ್ಗರೆಟ್ ಕಸಿನ್ಸ್ ಎಂಬ ಐರ್ಲೆಂಡಿನ ಸ್ತ್ರೀಯು ತನ್ನ ದೇಶದಲ್ಲಿ ಇದೇ ಹಕ್ಕಿಗಾಗಿ ಸೆರೆಮನೆಯನ್ನು ಕಂಡವರು. ಮದ್ರಾಸು ಪ್ರಾಂತವು ಎಲ್ಲಾ ಪ್ರಾಂತಗಳಿಗಿಂತ ಮೊದಲು, 1921ರಲ್ಲಿ, ಸ್ತ್ರೀಯರಿಗೆ ವೋಟು ಕೊಟ್ಟಿತು. ಆದರೆ ಯಾವ ಸ್ತ್ರೀಯರಿಗೆ? ತಮ್ಮ ಹೆಸರಿನಲ್ಲಿ ಸ್ವತ್ತಿದ್ದು ಕಂದಾಯವನ್ನೋ ತೆರಿಗೆಯನ್ನೋ ಕಟ್ಟುವವರಿಗೆ. ಗಂಡಸರಲ್ಲಿಯೂ ಬಡವರಿಗೆ ವೋಟು ಇರಲಿಲ್ಲವೆಂಬುದು ನಿಜ. ಆದರೆ ತಂದೆಯ ಮನೆಯು ಮಗನಿಗೆ ಹೋಗುವ ದೇಶದಲ್ಲಿ ಸ್ವತ್ತಿನ ಮೇಲೆ ವೋಟನ್ನು ಇಟ್ಟರೆ ಹೆಂಗಸರಿಗೆ ಎಷ್ಟು ಸಿಕ್ಕೀತು? ಗಿರಿಜಾಬಾಯಿಯವರಿಗೆ ಆದದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ತ್ರೀಯರು ಶಾಸನಸಭೆಯ ಸ್ಥಾನಕ್ಕೆ ನಿಲ್ಲಬಹುದೆಂದು 1926ರಲ್ಲಿ ಅಪ್ಪಣೆಯಾಯಿತು. ಕಸಿನ್ಸ್ ಅಮ್ಮನವರು ಒತ್ತಾಯಪಡಿಸಿದ್ದರಿಂದ, ಇಪ್ಪತ್ತಮೂರು ವರುಷದ ಕಮಲಾದೇವಿಯವರು ಮಂಗಳೂರಿನಿಂದ ಮದ್ರಾಸು ಶಾಸನಸಭೆಗೆ ಉಮೇದುವಾರರಾದರು. ಹೀಗೆ ನಿಂತವರಲ್ಲಿ ಅವರೇ ದೇಶದಲ್ಲಿ ಮೊದಲಿನವರೆಂದು ಎಣಿಸುವುದುಂಟು. ಉಳಿದಿದ್ದ ದಿವಸಗಳು ಸ್ವಲ್ಪ. ವೋಟುದಾರರಲ್ಲಿ ಹೆಚ್ಚು ಮಂದಿ ಗಂಡಸರು; ಒಬ್ಬ ಹೆಂಗಸು, ಅದರಲ್ಲಿಯೂ ಪುನರ್ವಿವಾಹವಾದವರು, ತಮ್ಮ ಬಾಗಿಲಿಗೆ ಬಂದು ವೋಟು ಕೇಳುವುದನ್ನು ಅವರು ಹಿಂದೆ ಕಂಡವರಲ್ಲ. ಆದಾಗ್ಯೂ ಆಕೆಯು ಸೋತದ್ದು ಬಹಳ ಕಡಿಮೆ ವೋಟುಗಳಿಂದ. ನಮ್ಮ ಎಣಿಕೆಯಲ್ಲಿ ಆ ಸೋಲು ಅನೇಕರ ಗೆಲುವಿಗಿಂತ ದೊಡ್ಡದು.

ಮುಂದಿನ ವರುಷವೇ ಅಖಿಲ ಭಾರತ ಮಹಿಳಾ ಸಮ್ಮೇಳನದ ಕೆಲಸವನ್ನು ಕೈಕೊಂಡರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಯಾದರು. 1935ರ ಶಾಸನವು ಸ್ವತ್ತುಳ್ಳವನ ಹೆಂಡತಿಗೂ ವೋಟು ಕೊಟ್ಟು ಬಾಗಿಲನ್ನು ಇನ್ನಷ್ಟು ತೆರೆಯಿತಾದರೂ, ಸ್ವತ್ತಿಲ್ಲದವನ ಹೆಂಡತಿಯು ಹೊರಗೇ ಉಳಿದಳು.

1941ರಲ್ಲಿ ಕಮಲಾದೇವಿಯವರು ಅಮೇರಿಕಾ ದೇಶದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಪ್ರಯಾಣಮಾಡುತ್ತಿದ್ದರು. ಅಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿಗಳು. ಆ ದೇಶದಲ್ಲಿ ಜನಾಂಗದ ಕಾರಣದಿಂದ ವೋಟನ್ನು ತಡೆಯಬಾರದೆಂಬ ತಿದ್ದುಪಡಿಯು 1870ರಲ್ಲಿಯೇ ಜಾರಿಗೆ ಬಂದಿತ್ತು. ಅದನ್ನು ಪ್ರಕಟಿಸಿದ ಮರುದಿನವೇ, ಮಾರ್ಚಿ 31ರಂದು, ಪರ್ತ್ ಅಂಬಾಯ್ ಎಂಬ ಊರಿನಲ್ಲಿ ಥಾಮಸ್ ಮಂಡಿ ಪೀಟರ್ಸನ್ ಎಂಬ ಕಪ್ಪು ಜನಾಂಗದವರು ಹೋಗಿ ವೋಟು ಕೊಟ್ಟರು. ಅವರು ಶಾಲೆಯೊಂದನ್ನು ಗುಡಿಸಿ ಕಾಯುವ ಕೆಲಸದವರು. ಅವರ ತಾಯಿಯು ಹುಟ್ಟಿನಿಂದ ಗುಲಾಮಳಾಗಿದ್ದವಳು. ಊರಿನವರು 1884ರಲ್ಲಿ ಚಂದಾ ಕೂಡಿಸಿ ಅವರಿಗೆ ಚಿನ್ನದ ಪದಕವನ್ನು ಮಾಡಿಸಿಕೊಟ್ಟರು. ಆದರೆ ದಕ್ಷಿಣದ ಸಂಸ್ಥಾನಗಳು ತಲೆತೆರಿಗೆ, ಓದಿನ ಪರೀಕ್ಷೆ ಮೊದಲಾದ ಉಪಾಯಗಳಿಂದ ಆ ಹಕ್ಕನ್ನು ಕಿತ್ತುಕೊಂಡವು. 1965ರ ಕಾನೂನಿನ ತನಕ ಇದು ನಡೆಯಿತು. ನಮ್ಮಲ್ಲಿ ಕಂದಾಯ, ಅಲ್ಲಿ ತಲೆತೆರಿಗೆ!

ಹೀಗಿರಲಾಗಿ, ಟಿಕೀಟು ನೋಡುವವನು ಬಂದು ಕಮಲಾದೇವಿಯವರಿಗೆ ಬಿಳಿಯರ ಡಬ್ಬಿಯಿಂದ ಏಳಬೇಕೆಂದು ಹೇಳಿದನು. ಅವರು ಏಳಲಿಲ್ಲ. ಅವನು ಸಂಶಯಪಟ್ಟು, ಯಾವ ದೇಶದವರೆಂದು ವಿಚಾರಿಸಿದನು. ಇಂಡ್ಯಾ ದೇಶದವಳೆಂದು ಹೇಳಿದರೆ ಬಿಟ್ಟುಬಿಡುವನೆಂದು ಅವರು ತಿಳಿದಿದ್ದರು. ಆ ಆಸರೆಯನ್ನು ಹಿಡಿಯಲು ಮನಸ್ಸಾಗಲಿಲ್ಲ. ಕೊನೆಗೆ ದೇಶವನ್ನು ಹೇಳಿದರೂ, ಅದರಿಂದ ಏನೂ ಭೇದವಿಲ್ಲ, ತಾನೂ ಬಣ್ಣದವಳೇ, ಇಲ್ಲಿಂದ ಏಳುವುದಿಲ್ಲವೆಂದು ತಿಳಿಸಿದರು. ಅವನು ಗೊಣಗುತ್ತಾ ಹೊರಟುಹೋದನು.

1947ರಲ್ಲಿ ದಂಡು ಮೈಸೂರಿಗೆ ಹಿಂದಿರುಗಿತು. 1950ರ ಸಂವಿಧಾನವು ಸ್ವತ್ತನ್ನೂ ಕಂದಾಯವನ್ನೂ ಕೇಳದೆ ಪ್ರಾಯಸ್ಥರೆಲ್ಲರಿಗೂ ವೋಟು ಕೊಟ್ಟಿತು. 1951-52ರ ಮೊದಲನೆಯ ಮಹಾ ಚುನಾವಣೆಯಲ್ಲಿ ಹಲಸೂರಿನ ಹೆಂಗಸಿಗೂ ಕೃಷ್ಣರಾಜಪುರದ ಹೆಂಗಸಿಗೂ ಒಂದೇ ಹಕ್ಕು. ಆದರೂ ಬೇರೆ ಕೆಲವು ಪ್ರಾಂತಗಳಲ್ಲಿ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಲ್ಲದೆ ಸ್ವಂತ ಹೆಸರನ್ನು ಹೇಳದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಬಿಟ್ಟುಹೋದರು.

ಆ ಹೊತ್ತಿಗೆ ಕಮಲಾದೇವಿಯವರು ಸ್ಥಾನಗಳ ಆಶೆಯನ್ನು ಬಿಟ್ಟು, ಮನೆಮಠ ಕಳಕೊಂಡು ಬಂದ ನಿರಾಶ್ರಿತರಿಗೆ ಊರು ಕಟ್ಟುವ ಕೆಲಸದಲ್ಲಿಯೂ, ನೇಕಾರರ ಮತ್ತು ಕುಶಲಕರ್ಮಿಗಳ ಸಹಕಾರ ಸಂಘಗಳಲ್ಲಿಯೂ ತೊಡಗಿದ್ದರು. 1988ನೇ ಇಸವಿ ಅಕ್ಟೋಬರ್ 29ರಲ್ಲಿ ತೀರಿಕೊಂಡರು.