ಅಡಿಕೆಯ ಕೊಳೆ ಮತ್ತು ಡಾ. ಕೋಲ್ಮನ್

ಆಷಾಢದ ಮಳೆ ಹಿಡಿದು ಎಂಟು ದಿನ ಬಿಡದಿದ್ದರೆ, ಮುಟ್ಟಳ್ಳಿಯಿರಲಿ, ಹೊನ್ನಾವರ, ಕುಮಟೆಯ ಕಡೆಯಿರಲಿ, ಅಡಿಕೆ ಬೆಳೆದವನ ಕಣ್ಣು ಮರದ ಬುಡದಲ್ಲೇ ಇರುತ್ತದೆ. ಹಸಿರು ಕಾಯಿ ಉದುರತೊಡಗಿದರೆ ಕೊಳೆ ಹತ್ತಿತೆಂದು ಎದೆ ಧಸಕ್ಕೆನ್ನುತ್ತದೆ. ವರ್ಷದ ಉತ್ಪನ್ನ ಹದಿನೈದು ದಿನದಲ್ಲಿ ನೆಲದ ಪಾಲಾಗಬಹುದು. ಆಗ ಕೊನೆಗೌಡನನ್ನು ಕರೆಸಿ ಮದ್ದು ಹೊಡೆಸುತ್ತೀರಿ. ಆ ಮದ್ದನ್ನು ಅಡಿಕೆ ತೋಟಕ್ಕೆ ತಂದವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಒಂಟಾರಿಯೊ ಪ್ರಾಂತ್ಯದಲ್ಲಿ. ಅಲ್ಲಿ ಅಡಿಕೆಯೂ ಇಲ್ಲ, ಇಂಥ ಮಳೆಯೂ ಇಲ್ಲ. ಟೊರಾಂಟೊದಲ್ಲಿಯೂ ಆಮೇಲೆ ಜರ್ಮನಿಯಲ್ಲಿಯೂ ಓದಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಬೆಳೆಗೆ ಬೀಳುವ ಕೀಟ, ರೋಗಗಳನ್ನು ಪರೀಕ್ಷಿಸುವುದು ಅವರ ಪಾಲಿನ ಕೆಲಸ. ನಿಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅವರು ದುಡಿದದ್ದು ಮೈಸೂರಿನ ಮಲೆನಾಡಿನಲ್ಲಿ. ಆದರೆ ಕೊಳೆಗೆ ಸರಕಾರದ ಗಡಿ ಎಲ್ಲಿಯದು!

ಕೊಳೆತ ಕಾಯಿಯ ಮೇಲೆ ಬಿಳಿ ಬೂಷ್ಟು ಕಟ್ಟುವುದನ್ನು ನೀವು ನೋಡಿದ್ದೀರಿ. ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಫೈಟಾಫ್ತೊರ ಎಂಬ ಸೂಕ್ಷ್ಮ ಜೀವಿಯ ಕೆಲಸವೆಂದು 1910ರಲ್ಲಿ ಅವರು ವರದಿ ಪ್ರಕಟಿಸಿದರು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಯಿಸಿ ಕ್ಷಾಮ ತಂದದ್ದು ಇದರ ದಾಯಾದಿಯೇ. ಇದರ ಬೀಜಕಣ ನೀರಿನಲ್ಲಿ ಈಜಬಲ್ಲದು. ಮಳೆಹನಿ, ಗಾಳಿಯೊಡನೆ ಕೊನೆಯಿಂದ ಕೊನೆಗೆ ಹಾರುತ್ತದೆ. ಒಮ್ಮೆ ಕಾಯಿಯ ಒಳಹೊಕ್ಕಿತೋ, ಆ ಕಾಯಿ ಹೋದಂತೆಯೇ. ಮದ್ದು ಮೊದಲೇ ಕಾಯಿಯ ಮೇಲೆ ಕೂತಿರಬೇಕು.

ಕೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದ ಹಿರಿಯರ ಉಪಾಯ ದಡ್ಡತನದ್ದಲ್ಲ. ಕಾರಣ ತಿಳಿಯದಿದ್ದರೂ ಕ್ರಮ ಸರಿಯಾಗಿತ್ತು. ಆದರೆ ಮರಮರಕ್ಕೂ ಕಟ್ಟುವ ಕೂಲಿ ಎಲ್ಲರಿಗೂ ನಿಭಾಯಿಸುವಂಥದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ 1880ರ ದಶಕದಿಂದ ಬಳಕೆಯಲ್ಲಿದ್ದ ಮೈಲುತುತ್ತ, ಸುಣ್ಣದ ದ್ರಾವಣವನ್ನು ಕೋಲ್ಮನ್ ಅಡಿಕೆ ಕೊನೆಗೆ ಹೊಡೆಸಿ ನೋಡಿದರು. ಅಗ್ಗದ ಮದ್ದು, ಗುಣವೂ ಕಂಡಿತು.

ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ತೆರೆಯಲು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಕಟ್ಟಲು ದುಡಿದರು. 1934ರಲ್ಲಿ ಮೈಸೂರಿನ ಕೆಲಸ ಮುಗಿಸಿದರು; 1954ರಲ್ಲಿ ತೀರಿಕೊಂಡರು.

ಅವರ ಮದ್ದು ಇಂದಿಗೂ ಉಳಿದಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆಬೇರೆ ಕರಗಿಸಿ ಬೆರೆಸಿರಿ. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿರಿ. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಿರಿ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿರಿ. ಮೊದಲ ಸಿಂಪರಣೆ ಮಳೆ ಬಲಿಯುವ ಮುಂಚೆ, ಎರಡನೆಯದು ನಲವತ್ತು, ನಲವತ್ತೈದು ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾದೀತು. ಉದುರಿದ ಕೊಳೆಗಾಯಿಯನ್ನು ಮಾತ್ರ ತೋಟದಲ್ಲಿ ಬಿಡಬೇಡಿರಿ, ಹೆಕ್ಕಿ ಸುಟ್ಟುಹಾಕಿರಿ.