ಬೇರಿಗೊಬ್ಬ ದಾದಿ

ಕಾಡಿನ ಮರವು ತನ್ನ ಅನ್ನವನ್ನು ತಾನೇ ದುಡಿದು ಉಣ್ಣುತ್ತದೆಂದು ನಾವು ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದೇವೆ. ಎಲೆಗೆ ಬಿಸಿಲು, ಬೇರಿಗೆ ನೀರು. ಇನ್ನಾರ ಹಂಗೂ ಅದಕ್ಕಿಲ್ಲ. ಈ ನಂಬಿಕೆಯನ್ನು ಅಲುಗಿಸಿದವನು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬೆರ್ನ್‌ಹಾರ್ಡ್ ಫ್ರಾಂಕ್. ಆತನ ಬಾಳನ್ನು ಇಂದು ನೆನೆಯುವುದು ಬರಿಯ ಗೌರವಕ್ಕಾಗಿ ಅಲ್ಲವೆಂದು ನನಗೆ ತೋರುತ್ತದೆ.

ಫ್ರಾಂಕ್ ಹುಟ್ಟಿದ್ದು 1839ರಲ್ಲಿ, ಡ್ರೆಸ್ಡೆನ್ ನಗರದಲ್ಲಿ. ಕಲ್ಲುಹೂವಿನಲ್ಲಿ ಪಾಚಿಯೂ ಶಿಲೀಂಧ್ರವೂ ಒಂದೇ ಒಡಲಾಗಿ ಬಾಳುವುದನ್ನು ಕುರಿತು 1877ರಲ್ಲಿ ಬರೆಯುವಾಗ, ಯಾವುದು ಯಾವುದನ್ನು ಸುಲಿಯುತ್ತದೆಂಬ ತೀರ್ಪನ್ನು ಮೊದಲೇ ಕೊಡದೆ, ಕೂಡಿ ಬಾಳುವುದೆಂಬ ಅರ್ಥದ ಹೆಸರೊಂದನ್ನು ಆ ಸಂಬಂಧಕ್ಕೆ ಇಟ್ಟನು. ಆತನ ಮನೋಧರ್ಮವೆಲ್ಲ ಆ ಒಂದು ಹೆಸರಿನಲ್ಲಿದೆ. 1881ರಲ್ಲಿ ಬರ್ಲಿನ್ನಿನ ಕೃಷಿ ಕಾಲೇಜಿನ ಪ್ರಾಧ್ಯಾಪಕನಾದನು.

ಟ್ರಫಲ್ ಎಂಬ, ನೆಲದೊಳಗೆ ಬೆಳೆಯುವ ಬೆಲೆಯುಳ್ಳ ಅಣಬೆಯನ್ನು ಬೇಸಾಯ ಮಾಡುವ ದಾರಿಯನ್ನು ಹುಡುಕೆಂದು ಪ್ರಷ್ಯದ ಸರ್ಕಾರವು ಆತನಿಗೆ ವಹಿಸಿತು. ದಾರಿ ದೊರೆಯಲಿಲ್ಲ. ದೊರೆತದ್ದು ಬೇರೊಂದು. ಓಕ್, ಬೀಚ್, ಹೇಜಲ್ ಮರಗಳ ಎಳೆಬೇರಿನ ತುದಿಗಳನ್ನು ಶಿಲೀಂಧ್ರದ ಎಳೆಗಳು ಕವಚದಂತೆ ಮುಚ್ಚಿದ್ದವು. ರೋಗವೆನ್ನೋಣವೆಂದರೆ ಮರಗಳು ಆರೋಗ್ಯವಾಗಿದ್ದವು. ಮಣ್ಣಿನ ಸಾರವೇನಿದ್ದರೂ ಆ ಕವಚವನ್ನು ದಾಟಿಯೇ ಬೇರನ್ನು ಸೇರಬೇಕು. ಹಾಗಾದರೆ ಶಿಲೀಂಧ್ರವು ಕಳ್ಳನಲ್ಲ, ಮರಕ್ಕೆ ಹಾಲೂಡುವ ದಾದಿ ಎಂದು ಫ್ರಾಂಕ್ ತರ್ಕಿಸಿದನು. 1885ರಲ್ಲಿ ಈ ಕೂಟಕ್ಕೆ ಮೈಕೋರೈಜ, ಎಂದರೆ ಶಿಲೀಂಧ್ರಬೇರು, ಎಂದು ಹೆಸರಿಟ್ಟನು.

ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಅರಣ್ಯರೋಗಗಳ ಶಾಸ್ತ್ರದಲ್ಲಿ ಹಿರಿಯನಾದ ರಾಬರ್ಟ್ ಹಾರ್ಟಿಗನೇ ಎದುರು ನಿಂತನು. ಫ್ರಾಂಕ್ ಪೈನ್ ಸಸಿಗಳನ್ನು ಕಾಡಿನ ಮಣ್ಣಿನಲ್ಲಿಯೂ, ಕಾಯಿಸಿ ಶಿಲೀಂಧ್ರವನ್ನು ಕೊಂದ ಮಣ್ಣಿನಲ್ಲಿಯೂ ಬೆಳೆಸಿ ತೋರಿಸಿದನು. ದಾದಿಯಿಲ್ಲದ ಸಸಿಗಳು ಹಿಂದೆ ಬಿದ್ದವು. ಆತನ ಮಾತೆಲ್ಲ ನಿಜವಾಯಿತೆಂದಲ್ಲ. ಸಸ್ಯಗಳು ಸಾಮಾನ್ಯವಾಗಿ ಗಾಳಿಯ ಸಾರಜನಕವನ್ನು ಹಿಡಿಯಬಲ್ಲವೆಂಬ ಆತನ ವಾದ ನಿಲ್ಲಲಿಲ್ಲ. 1900ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು.

ಗಾಳಿಯ ಸಾರಜನಕವನ್ನು ಹಿಡಿದವನು ಕಡೆಗೆ ಮನುಷ್ಯನೇ. 1913ರಲ್ಲಿ ಜರ್ಮನಿಯ ಓಪ್ಪೌ ಕಾರ್ಖಾನೆಯಲ್ಲಿ ಅದು ಗೊಬ್ಬರಕ್ಕೆ ಬೇಕಾದ ಅಮೋನಿಯವಾಗತೊಡಗಿತು. ಹೊಲದಿಂದ, ದನದ ಕೊಟ್ಟಿಗೆಯಿಂದ, ವಾಹನಗಳ ಹೊಗೆಯಿಂದ ಎದ್ದ ಸಾರಜನಕವು ಮಳೆಯೊಡನೆ ಯೂರೋಪಿನ ಕಾಡುಗಳ ಮೇಲೆ ಇಳಿಯಿತು. ಮರಗಳಿಗೆ ಹಬ್ಬವೆಂದೇ ತೋರಬೇಕು. ಹಲವೆಡೆ ಮೊದಮೊದಲು ಅವು ಬೇಗ ಬೆಳೆದದ್ದೂ ಉಂಟು. ಆದರೆ ಬೇರಿನಲ್ಲಿ ನಡೆದದ್ದು ಬೇರೆ. ಸಾರಜನಕವು ಹೆಚ್ಚಾದರೆ ಬೇರಿನಲ್ಲಿ ಶಿಲೀಂಧ್ರಕ್ಕೆ ಸಲ್ಲುವ ಸಕ್ಕರೆ ಕಡಿಮೆಯಾಗಿ ಕೂಟವು ಕ್ಷೀಣಿಸುವುದೆಂದು ಸ್ವೀಡನ್ನಿನ ಎರಿಕ್ ಬ್ಯೋರ್ಕ್‌ಮನ್ 1942ರಲ್ಲಿಯೇ ವಾದಿಸಿದ್ದನು. ದಾದಿಯ ಸಂಬಳ ನಿಂತರೆ ಆಕೆ ತರುತ್ತಿದ್ದ ರಂಜಕವೂ ನಿಲ್ಲುತ್ತದೆ. ಅತ್ತ ಮಣ್ಣು ಹುಳಿಯೇರಿ ಮೆಗ್ನೀಸಿಯಂ, ಸುಣ್ಣಗಳು ನೀರಿನೊಡನೆ ಹರಿದುಹೋಗುತ್ತವೆ. ಎಲೆಯಲ್ಲಿ ಸಾರಜನಕವು ತುಂಬಿದ್ದರೂ ಮರವು ಉಳಿದುದಕ್ಕಾಗಿ ಹಸಿಯುತ್ತದೆ. 1980ರ ದಶಕದಲ್ಲಿ ಮಧ್ಯ ಯೂರೋಪಿನ ಸ್ಪ್ರೂಸ್ ಮರಗಳ ಎಲೆ ಹಳದಿಗಟ್ಟಿದ್ದು ಮೆಗ್ನೀಸಿಯಂ ಕೊರತೆಯಿಂದ. ನೆದರ್ಲೆಂಡ್ಸಿನ ಪೈನ್ ಕಾಡುಗಳಲ್ಲಿ ಬೇರಿನ ನಂಟಿನ ಅಣಬೆಗಳು ವಿರಳವಾದವು.

ಕೊಡುವುದೆಲ್ಲ ಉಪಕಾರವೆಂದು ನಾವು ತಿಳಿಯುತ್ತೇವೆ. ಕೊಡುವ ಮುನ್ನ, ಮರವು ಯಾರೊಡನೆ ಕೂಡಿ ಉಣ್ಣುತ್ತಿದೆಯೆಂದು ಬಗ್ಗಿ ನೋಡಬೇಕು. ಟ್ರಫಲನ್ನು ಅರಸಲು ಹೋಗಿ ಬೇರನ್ನು ಕಂಡ ಫ್ರಾಂಕ್ ಮಾಡಿದ್ದು ಅದನ್ನೇ.