ತಟ್ಟೆ ಹೊತ್ತ ಕೈಗೆ ನೊಬೆಲ್ ಪಾರಿತೋಷಕ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ವಿದ್ಯೆ ಗಳಿಸಿದ ಕನ್ನಡಿಗರು ಮುಂಬಯಿಯಿಂದ ಠಾಕುರ್ಲಿ, ಕಲ್ಯಾಣಗಳವರೆಗೆ ಹಲವರಿದ್ದಾರೆ. ಅಂಥವರು ತಮ್ಮವರೆಂದು ನೆನೆಯಬಹುದಾದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ.

ಇವರು 1901ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಜನಿಸಿದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಖರ್ಚಿಗಾಗಿ ಊಟ ಬಡಿಸುವ ಕೆಲಸ ಮಾಡಿದರು. ಆ ದಿನಗಳಲ್ಲಿ ಪರಿಚಯವಾದ ಝೆಲ್ಲಾ ಫೋರ್ಡರನ್ನು 1924ರಲ್ಲಿ ವರಿಸಿದರು.

ಇನ್ಸುಲಿನ್ನಿನಲ್ಲಿರುವ ಗಂಧಕವನ್ನು ಕುರಿತ ಪ್ರಬಂಧಕ್ಕೆ 1927ರಲ್ಲಿ ರೊಚೆಸ್ಟರಿನಲ್ಲಿ ಡಾಕ್ಟರೇಟ್ ದೊರೆಯಿತು. ಅಂದಿನಿಂದ ಗಂಧಕದ ಜಾಡನ್ನು ಅವರು ಬಿಡಲಿಲ್ಲ. ನಮ್ಮ ಕೂದಲು, ಉಗುರುಗಳಿಗೆ ಗಟ್ಟಿತನ ಕೊಡುವ ಸಿಸ್ಟೀನ್ ಎಂಬ ಗಂಧಕಯುಕ್ತ ಆಮ್ಲವು ಅವರ ಬಾಳಿನ ವ್ಯಾಸಂಗವಾಯಿತು.

ಹೆರಿಗೆಯಲ್ಲಿ ಗರ್ಭಕೋಶವನ್ನು ಬಿಗಿಸುವ, ಎದೆಹಾಲನ್ನು ಇಳಿಸುವ ಗ್ರಂಥಿಸ್ರಾವ ಆಕ್ಸಿಟೋಸಿನ್. ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಹೊರಟರೆ, ಸಿಸ್ಟೀನಿನ ಚುರುಕಾದ ಗಂಧಕವು ನಡುವೆಯೇ ಬೇರೆಡೆ ಕೂಡಿಕೊಳ್ಳುವ ಭಯವಿತ್ತು. ವಿನ್ಯೋ ಅದಕ್ಕೆ ಬೆಂಜೈಲ್ ಎಂಬ ಮುಸುಕನ್ನು ತೊಡಿಸಿದರು. ಸರಪಳಿ ಪೂರ್ತಿಯಾದ ಮೇಲೆ ದ್ರವ ಅಮೋನಿಯದಲ್ಲಿ ಸೋಡಿಯಂ ಬೆರೆಸಿ ಕಳಚಿದರು. ಆಗ ಎರಡು ಗಂಧಕಗಳು ಕೂಡಿ ಸರಪಳಿ ಉಂಗುರವಾಯಿತು. 1953ರಲ್ಲಿ ಕೈಗೂಡಿದ ಈ ಕೃತಕ ವಸ್ತು ಸಹಜ ಸ್ರಾವದಂತೆಯೇ ಕೆಲಸ ಮಾಡಿತು. ಪೆಪ್ಟೈಡ್ ಜಾತಿಯ ಸ್ರಾವವೊಂದನ್ನು ಮನುಷ್ಯನು ಕಟ್ಟಿದ್ದು ಅದೇ ಮೊದಲು. 1955ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. 1978ರಲ್ಲಿ ಅವರು ನಿಧನ ಹೊಂದಿದರು.

ಹೆರಿಗೆಯ ತರುವಾಯದ ರಕ್ತಸ್ರಾವವನ್ನು ತಡೆಯಲು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುವ ಸೂಜಿಮದ್ದು ಇದೇ. ಊರಲ್ಲಿರುವ ನಮ್ಮ ಅಕ್ಕತಂಗಿಯರ ಪ್ರಾಣ ಕಾಯುವ ಮದ್ದನ್ನು ಒಮ್ಮೆ ಊಟ ಬಡಿಸಿದ ಕೈಗಳೇ ಸಿದ್ಧಪಡಿಸಿದವು ಎಂಬುದು ದುಡಿಯುತ್ತ ಓದುವವರಿಗೆ ಕಡಿಮೆ ಧೈರ್ಯವಲ್ಲ.